ಕಡಿಯುವ ಮಣಿ

ಸೂರ್ಯ ಸಿಡಿದ ಆ ಬೇಸಿಗೆಯಲ್ಲಿ ಆಕಾಶದ ಉಪಗ್ರಹಗಳೆಲ್ಲ ಸತ್ತವು. ನೆಲದ ಮೇಲಿನ ಉದ್ದುದ್ದ ತಂತಿಗಳಲ್ಲಿ ತಾನಾಗಿ ಕರೆಂಟು ಹುಟ್ಟಿ ತುದಿಯಲ್ಲಿದ್ದ ಯಂತ್ರಗಳನ್ನು ಸುಟ್ಟುಹಾಕಿತು. ತಂತಿ ಎಷ್ಟು ಉದ್ದವೋ ಸುಡುವುದೂ ಅಷ್ಟೇ ಜೋರು. ಹಾಗಾಗಿ ಬದುಕಿ ಉಳಿದದ್ದು, ಹಿಂದಿನವರು ಊರಿಂದ ಪಕ್ಕದ ಊರಿಗೆ ನೆಲದಲ್ಲಿ ಹೂತು ಮರೆತುಬಿಟ್ಟಿದ್ದ ತಾಮ್ರದ ತುಂಡು ತಂತಿಗಳು ಮಾತ್ರ. ಕೈಯಲ್ಲಿ ಹಿಡಿದು ತಿರುಗುತ್ತಿದ್ದ ಫೋನುಗಳು ಕೂಸುಗಳ ಆಟದ ಸಾಮಾನಾದವು. ಜನ ಕೆಲವು ವರ್ಷ ಸುದ್ದಿಯಿಲ್ಲದೆ ಬಾಳಿದರು. ಆಮೇಲೆ ಆ ತುಂಡು ತಂತಿಗಳನ್ನೇ ಒಂದಕ್ಕೊಂದು ಜೋಡಿಸಿ ಮತ್ತೆ ಮಾತಾಡಲು ಕಲಿತರು.

ಎರಡು ಹೊಳೆಗಳ ನಡುವಿನ ಎಡೆದೊರೆ ಸೀಮೆಯ ಹಳ್ಳಿಹಳ್ಳಿಗೂ ಒಂದೊಂದು ಫೋನ್ ಕೋಣೆ ಎದ್ದಿತು. ಒಂದು ಪೆಟ್ಟಿಗೆ, ಒಂದು ರಿಸೀವರು, ಕಾಯುವವರಿಗೆ ಒಂದು ಬೆಂಚು. ನಂಬರು ಒತ್ತಿದರೆ ಪೆಟ್ಟಿಗೆ ಮೊದಲು ಕೀಂ ಎಂದು ಕಿರುಚುವುದು, ಆಮೇಲೆ ಗಂಟಲು ಕೆರೆದಂತೆ ಕರ್ರ್ ಎನ್ನುವುದು. ಅತ್ತಲಿನ ಪೆಟ್ಟಿಗೆಯೂ ಹಾಗೇ ಅಂದು ಎರಡೂ ಒಪ್ಪಿಕೊಂಡರೆ ಮಾತು ಶುರು. ಈ ಒಪ್ಪಂದ ನಡೆಸುತ್ತಿದ್ದ ತಂತ್ರಾಂಶ ಒಂದೇ ಮುದ್ದೆಯಾಗಿರಲಿಲ್ಲ, ಬಿಡಿಬಿಡಿ ಘಟಕಗಳಾಗಿತ್ತು. ನಂಬರು ಹಚ್ಚುವುದು ಒಂದರ ಕೆಲಸ, ಹಚ್ಚಿದವರು ಯಾರೆಂದು ಗುರುತು ಹಿಡಿಯುವುದು ಇನ್ನೊಂದರದು. ತಂತಿ ನಡುವೆ ಬಿದ್ದುಹೋದರೆ ತಿರುಗಿ ಹಚ್ಚಿಕೊಡಲು ಒಂದು, ಮಾತು ಮುಗಿದ ಮೇಲೆ ಕಡಿಯಲು ಮತ್ತೊಂದು. ಎಂಜಿನಿಯರುಗಳು ಘಟಕ ಎಂದರು. ಜನ ಮಣಿ ಎಂದರು. ದಾರಕ್ಕೆ ಪೋಣಿಸಿದ ಹಾಗೆಯೇ ಇತ್ತು ಅದು. ಒಂದು ಮಣಿ ಸರಿಯಿಲ್ಲವೆಂದರೆ ಅದನ್ನಷ್ಟೇ ತೆಗೆದು ಬೇರೆಯದನ್ನು ಪೋಣಿಸಬಹುದು, ಉಳಿದ ಮಣಿಗಳಿಗೆ ಗೊತ್ತೂ ಆಗುವುದಿಲ್ಲ. ಅದೇ ಅದರ ದೊಡ್ಡ ಗುಣ ಎಂದು ಎಲ್ಲರೂ ಹೊಗಳುತ್ತಿದ್ದರು.

ಕಡಿಯುವ ಮಣಿಯೊಂದು ಮಾತ್ರ ಮೊದಲಿನಿಂದಲೂ ಜನರ ಬೈಗುಳ ತಿನ್ನುತ್ತಿತ್ತು. ತಂತಿಗಳು ಕೆಲವೇ ಇದ್ದವು, ಕಾಯುವವರು ಬಹಳ. ಆದ್ದರಿಂದ ಎರಡೂ ಕಡೆ ಸುಮ್ಮನಾದರೆ ಸಾಕು, ಮಾತು ಮುಗಿಯಿತೆಂದು ತಿಳಿದು ಅದು ಕಡಿದುಬಿಡುತ್ತಿತ್ತು. ಆದರೆ ಮನುಷ್ಯರು ಮಾತು ಮುಗಿದಾಗ ಮಾತ್ರ ಸುಮ್ಮನಾಗುತ್ತಾರೆಯೇ? ಮುದುಕಿಯೊಬ್ಬಳು ಮಗ ಸತ್ತ ಸುದ್ದಿ ಕೇಳಿ ದನಿ ಬಿದ್ದು ಕೂತಿದ್ದಾಗ ತಂತಿ ಕಡಿಯಿತು. ಮರಳಿ ಪಾಳಿ ಬರುವಷ್ಟರಲ್ಲಿ ಮಗನ ಮಣ್ಣೇ ಆಗಿಹೋಗಿತ್ತು. ಅಂದಿನಿಂದ ಜನ ಫೋನ್ ಕೋಣೆಯಲ್ಲಿ ಉಸಿರು ಬಿಡದೆ ವಟವಟ ಮಾತಾಡತೊಡಗಿದರು. ಅಳುವವರು ಕೂಡ ನಡುನಡುವೆ "ಹಲೋ, ಹಲೋ" ಎಂದು ಅಳಬೇಕಾಯಿತು.

ಬೇರೆ ಮಣಿ ಬೇಕೆಂದು ಎಲ್ಲ ಕಡೆಯಿಂದ ಕೂಗು ಎದ್ದಾಗ, ಆ ಕೆಲಸ ಬಂದದ್ದು ತಾಲ್ಲೂಕು ಎಕ್ಸ್‌ಚೇಂಜಿನ ಹಿಂದಿನ ಕೋಣೆಯಲ್ಲಿ ಕೂರುತ್ತಿದ್ದ ಫರ್ಹಾನಾ ಎಂಬ ಎಂಜಿನಿಯರಿಗೆ. ಅವಳ ಕೈಕೆಳಗೆ ಅಮರಮ್ಮ ಎಂಬ ನಡುವಯಸ್ಸಿನ ಹೆಂಗಸಿಗೆ ಕೇಳುವ ಕೆಲಸ. ಮುಗಿದ ಕರೆಗಳ ಬಾಲಗಳನ್ನು, ಅಂದರೆ ಕೊನೆಯ ನಾಲ್ಕಾರು ಮಾತುಗಳನ್ನು, ಕಿವಿಗೆ ಹಚ್ಚಿಕೊಂಡು ಕೇಳಿ, ಜನ ಎಲ್ಲಿ ನಿಜವಾಗಿ ಮಾತು ಮುಗಿಸಿದರು ಎಂದು ಗುಂಡಿ ಒತ್ತಿ ತೋರಿಸುವುದು. ಗಂಡ ಹೋದ ಮೇಲೆ ಮನೆಯಲ್ಲಿ ಮಾತಿಲ್ಲದೆ ಬೇಸತ್ತಿದ್ದ ಅವಳಿಗೆ ಆ ಕೆಲಸ ಹಿಡಿಸಿತ್ತು.

"ಏನ್ ಅಕ್ಕ, ಏನರ ತಿಳೀತೇನು?" ಎಂದು ಫರ್ಹಾನಾ ಒಂದು ದಿನ ಚಹಾ ಹಿಡಿದು ಬಂದು ಕೇಳಿದಳು.

"ತಿಳಿಯೋದೇನೈತಿ? ಎಲ್ಲಾರೂ ಒಂದ ಮಾತಿಗೆ ಬಂದು ನಿಂದರ್ತಾರ. ಬರ್ತೀನಿ ಅಂತಾರ. ಅತ್ಲಾಗಿನವರು ಹ್ಞೂಂ ಅಂತಾರ, ಇಲ್ಲಾ ಬಾ ಅಂತಾರ. ಮುಗೀತು."

"ಹೋಗ್ತೀನಿ ಅನ್ನಂಗಿಲ್ಲ ಯಾರೂ?"

"ಅಯ್ಯ, ಬಿಡ್ತು ಅನ್ನು! ಹೋಗ್ತೀನಿ ಅಂತಾರೇನು ಯಾರಾದ್ರೂ? ಸಾಯೋರು ಹೋಗ್ತಾರ."

ಫರ್ಹಾನಾ ನಕ್ಕಳು. "ನಮ್ಮ ಮನ್ಯಾಗೂ ಹಂಗ. ನಮ್ಮಮ್ಮಿ ಬಾಜಾರಕ್ಕ ಹೊಂಟ್ರೂ 'ಜಾಕೆ ಆತೂಂ', ಹೋಗಿ ಬರ್ತೀನಿ, ಅಂತಾಳ. ನಾ ಸಣ್ಣಾಕಿದ್ದಾಗ ಬರೇ 'ಜಾತೂಂ' ಅಂದು ಬಾಯಿ ಮ್ಯಾಲ ಏಟು ತಿಂದೀನಿ." ಅಷ್ಟು ಹೇಳಿ ಅವಳು ಚಹಾ ಕುಡಿಯುವುದನ್ನು ಮರೆತು ಗೋಡೆ ನೋಡುತ್ತ ಕೂತಳು. ಆಮೇಲೆ, "ಅಕ್ಕ, ಮಣಿಗೆ ಇಷ್ಟ ಕಲಿಸಿದ್ರ ಸಾಕಲ್ಲ?" ಅಂದಳು.

ಅಷ್ಟನ್ನೇ ಕಲಿಸಿದರು. ಹೊಸ ಮಣಿಗೆ ಭಾಷೆ ಬರುತ್ತಿರಲಿಲ್ಲ, ಎರಡು ಸದ್ದಿನ ಆಕಾರ ಮಾತ್ರ ಗೊತ್ತು. ಒಬ್ಬರು ಬರ್ತೀನಿ ಅನ್ನಬೇಕು, ಒಂದು ಉಸಿರಿನೊಳಗೆ ಇನ್ನೊಬ್ಬರು ಹ್ಞೂಂ ಎಂದೋ ಬಾ ಎಂದೋ ಆತು ಎಂದೋ ಅನ್ನಬೇಕು. ಆಗ ಟಿಣ್ ಎಂದು ಸಣ್ಣ ಗಂಟೆ ಹೊಡೆದು ತಂತಿ ಬಿಡುವುದು. ಎರಡನೆಯ ದನಿ ಬರದಿದ್ದರೆ ಎಷ್ಟು ಹೊತ್ತಾದರೂ ಹಿಡಿದುಕೊಂಡೇ ಇರುವುದು. ಅಮರಮ್ಮ ಸಾವಿರಗಟ್ಟಲೆ ಬಾಲಗಳನ್ನು ಕೇಳಿ ಅದಕ್ಕೆ ಕಿವಿ ಕೊಟ್ಟಳು. ಮುದುಕರ ಬರ್ತೀನಿ, ಹುಡುಗಿಯರ ಬರ್ತೀನಿ, ಸಿಟ್ಟಿನ ಬರ್ತೀನಿ, ಮೂಗು ಕಟ್ಟಿದವರ ಬರ್ತೀನಿ, ಬರ್ತೀನ್ರಿ, ಬರ್ತೇವವ್ವ, ಎಲ್ಲವನ್ನೂ.

ಮಣಿ ಪೋಣಿಸಿದ ವಾರದೊಳಗೇ ಜನ ಹರಸತೊಡಗಿದರು. ಈಗ ತಂತಿಯ ಮೇಲೆ ಸುಮ್ಮನೆ ಕೂರಬಹುದಾಗಿತ್ತು. ಗಂಡ ಹೆಂಡತಿ ಮಾತಿಲ್ಲದೆ ಉಸಿರು ಕೇಳಿಕೊಂಡು ಕೂತಿರುತ್ತಿದ್ದರು. ಅಳುವವರು ನೆಮ್ಮದಿಯಿಂದ ಅತ್ತರು. ಟಿಣ್ ಎಂದರೆ ಚೆನ್ನಾಗಿ ಮಾತಾಡಿ ಬೀಳ್ಕೊಂಡರು ಎಂದು ಅರ್ಥವಾಯಿತು. ತಂತಿ ತಾನಾಗಿ ಬಿದ್ದರೆ ಬರಬರ ಸದ್ದಾಗಿ, ಮರಳಿ ಹಚ್ಚುವ ಮಣಿ ಎದ್ದು ಮತ್ತೆ ಹಚ್ಚಿಕೊಡುವುದು. ಟಿಣ್ ಆಗಿದ್ದರೆ ಅದು ಏಳುತ್ತಿರಲಿಲ್ಲ. ಮುಗಿದದ್ದನ್ನು ಮತ್ತೆ ಯಾಕೆ ಹಚ್ಚಬೇಕು? ಒಂದು ಮಣಿ ಇನ್ನೊಂದರ ಮಾತನ್ನು ನಂಬುತ್ತಿತ್ತು. ಸುತ್ತಲಿನ ಜಿಲ್ಲೆಗಳವರೂ ಬಂದು ಅದೇ ಮಣಿಯನ್ನು ಒಯ್ದರು.

ಆ ವರ್ಷ ಅಮರಮ್ಮನ ಮಗಳು ರೇಣವ್ವ ಬಸುರಿಯಾಗಿ ತವರಿಗೆ ಬಂದಳು. ಏಳು ತುಂಬಿದ ಮೇಲೆ ಕುಬುಸ ಮಾಡಬೇಕು. ಬಸುರಿಗೆ ಉಡಿಸುವ ಹಸಿರು ಸೀರೆ ಸ್ವಾದರಮಾವನ ಕೈಯಿಂದಲೇ ಬರಬೇಕೆಂಬುದು ಅವರ ಮನೆತನದ ಪದ್ಧತಿ. ಆ ಮಾವನೇ ಮನೆಗೆ ಬರುತ್ತಿರಲಿಲ್ಲ. ಅಮರಮ್ಮನಿಗೆ ಒಡಹುಟ್ಟಿದವನೆಂದರೆ ಬೆಟ್ಟಪ್ಪ ಒಬ್ಬನೇ, ತಮ್ಮ. ರೇಣವ್ವನನ್ನು ತನ್ನ ಮಗನಿಗೆ ಕೊಡು ಎಂದು ಅವನು ಕೇಳಿದ್ದ. ಹುಡುಗಿ ಒಲ್ಲೆ ಅಂದಳು. ಅಮರಮ್ಮ ಮಗಳ ಮಾತು ಹಿಡಿದು ಬೇರೆ ಕಡೆ ಕೊಟ್ಟಳು. "ನನ್ನ ಮಗ ನಿನಗ ಬ್ಯಾಡಾದ ಮ್ಯಾಲ ನಾನೂ ಬ್ಯಾಡ" ಎಂದು ಹೋದವನು ಮದುವೆಗೂ ಬರಲಿಲ್ಲ. ಅಕ್ಕನ ಗಂಡ ತೀರಿದಾಗ ಮಸಣಕ್ಕೆ ಬಂದು, ಅಲ್ಲಿಂದಲೇ ತಿರುಗಿ ಹೋದ. ಈ ಕುಬುಸಕ್ಕಾದರೂ ಅವನು ಬಂದು ಹೊಸ್ತಿಲು ದಾಟಿದರೆ ಸಾಕು ಎಂಬುದೊಂದೇ ಅಮರಮ್ಮನ ಮನಸ್ಸಿನಲ್ಲಿ ಕೂತಿತ್ತು. ಅವನಿಲ್ಲದಿದ್ದರೆ ತವರು ಅನ್ನುವುದೇ ತನಗಿಲ್ಲ ಎಂದು ಅವಳಿಗೆ ಅನ್ನಿಸತೊಡಗಿತ್ತು. ಆದರೆ ಕರೆಯಲು ಬಾಯಿ ಬರುತ್ತಿರಲಿಲ್ಲ. ಕರೆದ ಮೇಲೂ ಬರದಿದ್ದರೆ?

ಒಂದು ಸಂಜೆ ಫೋನ್ ಕೋಣೆ ನೋಡಿಕೊಳ್ಳುವ ಮೌಲಾಬಿ ಓಣಿಯ ತುದಿಯಿಂದಲೇ ಕೂಗಿದಳು. "ಅಮರವ್ವಾ, ಲಗೂನ ಬಾ, ನಿಮ್ಮ ತಮ್ಮಂದು ಫೋನು!"

ಅಮರಮ್ಮ ಹಿಟ್ಟಿನ ಕೈಯಲ್ಲೇ ಓಡಿದಳು. ರಿಸೀವರು ಹಿಡಿದರೆ ಅತ್ತ ಬರೀ ಉಸಿರು.

"ನಾ... ಬೆಟ್ಟಪ್ಪ."

"ಗೊತ್ತಾತೇಳೋ."

"ಹೆಂಗದಿ?"

"ಅದೀನಿ. ನೀ?"

"ನಂದೇನು. ಮೊಣಕಾಲು ನೋಯ್ತಾವ."

"ಎಣ್ಣಿ ಹಚ್ಚು."

"ಹಚ್ಚೀನಿ."

ಇಬ್ಬರೂ ಸುಮ್ಮನಾದರು. ಹೊಸ ಮಣಿ ತಾಳ್ಮೆಯಿಂದ ಹಿಡಿದುಕೊಂಡೇ ಇತ್ತು.

"ರೇಣಿ ಬಂದಾಳಂತಲ್ಲ" ಅಂದ ಅವನು.

"ಬಂದಾಳ. ಬರೋ ಗುರುವಾರ ಕುಬುಸ ಇಟ್ಕೊಂಡೀವಿ."

ನೀ ಬಾ ಅನ್ನುವ ಮಾತು ಅವಳ ಹಲ್ಲಿನ ತನಕ ಬಂದು ನಿಂತಿತು. ಪಕ್ಕದಲ್ಲಿ ಮೌಲಾಬಿ ಅಡಿಕೆ ಕತ್ತರಿಸುತ್ತ ಕಿವಿ ಇತ್ತಲೇ ಇಟ್ಟಿದ್ದಳು.

"ಮೈಯಾಗ ಹುಷಾರದಾಳಿಲ್ಲೋ?"

"ಅದಾಳ. ಹುಣಸಿಕಾಯಿ ಬೇಕಂತಾಳ. ಈ ದಿನದಾಗ ಎಲ್ಲಿಂದ ತರ್ಲಿ?"

ಅತ್ತ ಒಂದು ಸಣ್ಣ ನಗು. "ನೀನೂ ಹಂಗ ಇದ್ದಿ. ನಿನ್ನ ಸಲುವಾಗಿ ಗಿಡ ಏರಿ ನಾ ಕಾಲು ಮುರ್ಕೊಂಡಿದ್ದೆ."

"ಮುರಿದಿರ್ಲಿಲ್ಲೋ, ಉಳುಕಿತ್ತು."

"ಹೌದು, ಉಳುಕಿತ್ತು."

ಅತ್ತ ಯಾರೋ ಎತ್ತು ಹೊಡೆದುಕೊಂಡು ಹೋಗುವ ಸದ್ದು. ಆಮೇಲೆ ಅವನು ಗಂಟಲು ಸರಿಮಾಡಿಕೊಂಡ.

"ಆತು ಅಕ್ಕ. ನಾ ಬರ್ತೀನಿ."

"ಹ್ಞೂಂ" ಅಂದಳು ಅಮರಮ್ಮ.

ಟಿಣ್.

ಅವಳು ರಿಸೀವರು ಹಿಡಿದುಕೊಂಡೇ ನಿಂತಳು. ಮೌಲಾಬಿ ಅದನ್ನು ಅವಳ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡು ಇಟ್ಟಳು. "ಏನಂತ?"

"ಏನಿಲ್ಲ. ಸುಮ್ನ ಮಾತಾಡಿಸಿದ. ಬರ್ತೀನಿ ಅಂದು ಇಟ್ಟ."

ದಿನಬೆಳಗಾದರೆ ಅದೇ ಮಾತು, ಅದೇ ಟಿಣ್ ಕೇಳಿ ಕೇಳಿ ಅವಳ ಕಿವಿಯೂ ಒಂದು ಮಣಿಯಾಗಿಹೋಗಿತ್ತು. ಅದಕ್ಕೆ ಬೇರೆ ಅರ್ಥ ಇರಬಹುದೆಂದು ಹೊಳೆಯಲೇ ಇಲ್ಲ. ಕುಬುಸ ಎಂದು ಹೇಳಿದ ಮೇಲೂ ಒಂದು ಮಾತು ಕೇಳದೆ ಇಟ್ಟನಲ್ಲ ಎಂಬ ನೋವಷ್ಟೇ ಉಳಿಯಿತು.

ಮನೆಗೆ ಬಂದಾಗ ರೇಣವ್ವ ಕೇಳಿದಳು. "ಮಾವ ಬರಂಗಿಲ್ಲೇನಬೇ?"

"ಬರ್ತೀನಿ ಅಂದ."

"ಮತ್ತ? ಬರ್ತಾನಲ್ಲ!"

"ಹಂಗಲ್ಲವ್ವ. ಫೋನಿನ ಬರ್ತೀನಿ ಅದು."

"ಎರಡ್ರಾಗ ಯಾವುದಂತ ನಿನಗ ಹೆಂಗ ಗೊತ್ತಾತು?"

"ಟಿಣ್ ಅಂದ್ತಲ್ಲ" ಅಂದಳು ಅಮರಮ್ಮ.



ಗುರುವಾರ ಓಣಿಯ ಹೆಂಗಸರೆಲ್ಲ ಬಂದರು. ಮಾವನ ಜಾಗಕ್ಕೆ ಅಮರಮ್ಮನ ದೊಡ್ಡಪ್ಪನ ಮಗ ಯಂಕೋಬನನ್ನು ಕೂರಿಸಿದರು. ಒಳ್ಳೆಯ ಮನುಷ್ಯ, ಬಾಯಿ ಮಾತ್ರ ಜೋರು. "ಮಾವನ ಪಾರ್ಟು ಮಾಡ್ತೀನಿ, ಆದ್ರ ಹೋಳಿಗಿ ಮಾತ್ರ ನನಗ ಇಬ್ಬರದು ಹಾಕ್ಬೇಕು" ಎಂದು ಎಲ್ಲರನ್ನೂ ನಗಿಸಿದ. ಅಮರಮ್ಮನೇ ಅಂಗಡಿಯಿಂದ ತಂದಿದ್ದ ಹಸಿರು ಸೀರೆಯನ್ನು ಅವನ ಕೈಗೆ ಕೊಟ್ಟು, ಅವನ ಕೈಯಿಂದ ರೇಣವ್ವನಿಗೆ ಕೊಡಿಸಿದರು. ಹಸಿರು ಬಳೆ ಇಟ್ಟರು, ಉಡಿ ತುಂಬಿದರು, ಆರತಿ ಎತ್ತಿ ಹಾಡಿದರು. ತವರಿನ ಹೆಸರು ಹೇಳುವ ಕಡೆ ಬಂದಾಗ ಹಾಡುವವರು ಅಮರಮ್ಮನ ಮುಖ ನೋಡಿ ಎರಡು ಸಾಲು ಹಾರಿಸಿದರು. ಅದು ಅವಳಿಗೆ ತಿಳಿಯಿತು.

ಕುಬುಸವಾಗಿ ತಿಂಗಳು ಕಳೆದಿರಬಹುದು. ಎಕ್ಸ್‌ಚೇಂಜಿನ ಕೋಣೆಯಲ್ಲಿ ಫರ್ಹಾನಾ ಬಾಲಗಳನ್ನು ತಾನೂ ಕೇಳುತ್ತ ಕೂತಿದ್ದಳು. ಕಡಿಯುವ ಮಣಿಯ ಮೇಲೆ ದೂರುಗಳೇ ಇರಲಿಲ್ಲ. ಅದೇ ಅವಳಿಗೆ ಸೋಜಿಗ.

"ಅಕ್ಕ, ಇದೊಂದು ಹೊಸಾದು ಕೇಳ್ರಿ" ಎಂದು ಒಂದು ದನಿ ಹಾಕಿದಳು. ಗಂಡಸಿನ ದನಿ. 'ಶನಿವಾರ ನನ್ನ ಹಾದಿ ನೋಡು' ಎನ್ನುತ್ತಿತ್ತು. ಇನ್ನೊಂದು ಹಾಕಿದಳು. ಹೆಂಗಸು. 'ಹಾದಿ ನೋಡ್ರಿ, ಮುಂಜಾಲಿ ಬಸ್ಸಿಗೆ.' ಮತ್ತೊಂದು, ಮತ್ತೊಂದು.

"ಎಲ್ಲಾರೂ ಹಾದಿ ನೋಡು, ಹಾದಿ ನೋಡು ಅನ್ನಾಕ್ಹತ್ತ್ಯಾರ. ನೆಟ್ಟಗ ಬರ್ತೀನಿ ಅನ್ನಾಕ ಏನಾಗೇತಿ ಇವರಿಗೆ?"

ಅಮರಮ್ಮ ಉತ್ತರ ಹೇಳಲು ಬಾಯಿ ತೆರೆದಳು. "ಬರ್ತೀನಿ ಅಂದ್ರ ಕಡೀತೈತಲ್ಲವ್ವ, ಅದಕ್ಕ" ಅಂದಳು. ಅಂದವಳು ಅಲ್ಲೇ ನಿಂತಳು. ತನ್ನ ಮಾತು ತನ್ನ ಕಿವಿಗೇ ಬಿದ್ದಿತ್ತು.

ಫರ್ಹಾನಾಳೂ ಹೆಡ್‌ಫೋನನ್ನು ಕಿವಿಯಿಂದ ತೆಗೆದು ಮೇಜಿನ ಮೇಲಿಟ್ಟಳು. ನಿಜವಾಗಿ ಬರುವವರು ಬರ್ತೀನಿ ಅಂದಾಗ, ಅತ್ತಲಿನವರು ಹಿಗ್ಗಿ ಬಾ ಅಂದಾಗ, ಯಾವ ದಿನ, ಯಾವ ಬಸ್ಸು ಎಂದು ಕೇಳುವ ಮೊದಲೇ ಮಣಿ ಗಂಟೆ ಹೊಡೆದು ಕಡಿದಿತ್ತು. ಇತ್ತಲಿನವರು ಅವರೇ ಇಟ್ಟರು ಅಂದುಕೊಂಡರು, ಅತ್ತಲಿನವರು ಇವರೇ ಇಟ್ಟರು ಅಂದುಕೊಂಡರು. ದೂರು ಯಾರ ಮೇಲೆ ಕೊಡುವುದು? ದೂರುಗಳೆಲ್ಲ ಮನೆಗಳೊಳಗೆ ಜಗಳವಾಗಿ, ಸೇರದ ಸಂಬಂಧವಾಗಿ ಉಳಿದುಬಿಟ್ಟಿದ್ದವು. ಮಣಿಗಳನ್ನು ತಿರುವಿ ನೋಡಿದರೆ ಒಂದರಲ್ಲೂ ತಪ್ಪಿರಲಿಲ್ಲ. ಕಡಿಯುವುದು ಕಲಿಸಿದಂತೆ ಕಡಿದಿತ್ತು. ಮರಳಿ ಹಚ್ಚುವುದು ಹೇಳಿದಂತೆ ಸುಮ್ಮನಿತ್ತು. ಜನ ಮಾತ್ರ ನಾಲ್ಕಾರು ಸಲ ಹೀಗೆ ಕಡಿಸಿಕೊಂಡ ಮೇಲೆ, ಯಾರಿಗೂ ಹೇಳದೆ ತಾವೇ ಒಂದು ದಾರಿ ಹುಡುಕಿಕೊಂಡು, ಬರುವುದಕ್ಕೆ ಬೇರೆ ಮಾತು ಕಟ್ಟಿಕೊಂಡಿದ್ದರು.

"ಯಾ ಅಲ್ಲಾ" ಎಂದು ಫರ್ಹಾನಾ ಹಣೆ ಹಿಡಿದುಕೊಂಡಳು. "ಅಕ್ಕ, ನಾ ಏನ್ ಮಾಡಿಬಿಟ್ಟೆ."

ಅಮರಮ್ಮ ಚೀಲ ಹುಡುಕುತ್ತಿದ್ದಳು. "ಮಾಡಿದ್ದು ನೀನು, ಕಲಿಸಿದ್ದು ನಾನು. ನಾಳಿ ನಾ ಬರಂಗಿಲ್ಲವ್ವ. ತಮ್ಮನ ಊರಿಗೆ ಹೋಗೋದೈತಿ."

ಫರ್ಹಾನಾ ಮರುದಿನವೇ ಮಣಿ ಬದಲಿಸಿದಳು. ಮಾತು ಮುಗಿದ ಮೇಲೆ ಒತ್ತಲು ಒಂದು ಗುಂಡಿ, ಅಷ್ಟೇ. ಹಳೆಯದನ್ನು ತೆಗೆದು ಹೊಸದನ್ನು ಪೋಣಿಸಲು ಒಂದು ಮಧ್ಯಾಹ್ನ ಸಾಕಾಯಿತು. ಜನರ ಬಾಯಿಯಲ್ಲಿ ಕೂತಿದ್ದನ್ನು ತೆಗೆಯಲು ಆಗಲಿಲ್ಲ. ಓಣಿಯ ಕೂಸುಗಳು ಆಟದಲ್ಲಿ ಸಿಟ್ಟು ಬಂದರೆ "ನಿನ್ನ ಜೋಡಿ ಬರ್ತೀನಿ ಹೋಗು" ಎಂದು ಬೆನ್ನು ತಿರುಗಿಸುತ್ತಿದ್ದವು. ಮಾತು ಬಿಟ್ಟೆ ಎಂದು ಅದರ ಅರ್ಥ.

ಅಮರಮ್ಮ ಬಸ್ಸಿಳಿದು ತಮ್ಮನ ಮನೆಗೆ ಬಂದಾಗ ಅವನ ಹೆಂಡತಿ ಹುಲಿಗೆಮ್ಮ ಬಾಗಿಲಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದಳು. ಗಾಬರಿಯಿಂದ ಎದ್ದು ನಿಂತಳು. "ಅಯ್ಯ, ಅಕ್ಕಾರ! ಬರ್ರಿ, ಒಳಗ ಬರ್ರಿ." ಅವಳು ಉಟ್ಟಿದ್ದು ಹಸಿರು ಸೀರೆ. ಒಳ್ಳೆಯ ನೇಯ್ಗೆ. ಎರಡು ಮೂರು ಸಲ ಒಗೆದು ಅಂಚಿನ ಬಣ್ಣ ಸ್ವಲ್ಪ ಇಳಿದಿತ್ತು.

"ಸೀರಿ ಚಲೋ ಐತಿ ಹುಲಿಗೆವ್ವ" ಅಂದಳು ಅಮರಮ್ಮ, ಹೊಸ್ತಿಲ ಹೊರಗೇ ನಿಂತು.

ಹುಲಿಗೆಮ್ಮ ಸೆರಗನ್ನು ಕೈಯಲ್ಲಿ ಮುದ್ದೆ ಮಾಡಿಕೊಂಡಳು. "ರೇಣವ್ವಗ ಅಂತ ತಂದಿದ್ರು ಅಕ್ಕಾರ. ತಾವ ಹೋಗಿ ಆರಿಸಿ ತಂದಿದ್ರು. ಒಯ್ದು, ಮತ್ತ ಹಂಗ ತಿರುಗಿ ತಂದ್ರು. ಇಟ್ರ ಹುಳ ಹಿಡೀತಾವಂತ ನಾನ ಉಟ್ಟೆ. ತಪ್ಪು ತಿಳೀಬ್ಯಾಡ್ರಿ."

ಅಷ್ಟರಲ್ಲಿ ಬೆಟ್ಟಪ್ಪ ಒಳಗಿನಿಂದ ಕುಂಟುತ್ತ ಬಂದ. ತಲೆ ಪೂರ್ತಿ ಬೆಳ್ಳಗಾಗಿತ್ತು. ಅಕ್ಕನನ್ನು ನೋಡಿ ಗೋಡೆ ಹಿಡಿದು ನಿಂತ.

"ಬಂದಿದ್ದೇನೋ ನೀ?" ಅಂದಳು ಅಮರಮ್ಮ.

"ಬರ್ತೀನಿ ಅಂದಿದ್ದೆನಲ್ಲ."

"ಬಂದವ ಯಾಕ ಒಳಗ ಬರ್ಲಿಲ್ಲ?"

"ಬರ್ತೀನಿ ಅಂದೆ, ನೀ ಹ್ಞೂಂ ಅಂದು ಟಿಣ್ ಅನ್ಸಿದಿ. ಯಾವಾಗ ಅಂತ ಕೇಳ್ಲಿಲ್ಲ, ಎಷ್ಟ ಮಂದಿ ಅಂತ ಕೇಳ್ಲಿಲ್ಲ. ಇರ್ಲಿ, ಅಕ್ಕನ ಮನಿ, ಕೇಳೋದೇನೈತಿ ಅಂತ ಹೊಂಟೆ. ಯಾರರ ಕರಿಯಾಕ ಬರ್ತಾರಂತ ಸ್ಟ್ಯಾಂಡಿನ್ಯಾಗ ಕುಂತೆ. ಯಾರೂ ಬರ್ಲಿಲ್ಲ. ಓಣಿ ತನಕ ಬಂದೆ. ಬಾಗಲಾ ತೆರದಿತ್ತು. ನನ್ನ ಜಾಗದಾಗ ಯಂಕೋಬ ಕುಂತು ಹೋಳಿಗಿ ಮಾತಾಡ್ತಿದ್ದ. ಎಲ್ಲಾರೂ ನಗತಿದ್ರಿ."

ಅಮರಮ್ಮ ಕಟ್ಟೆಯ ಮೇಲೆ ಕೂತಳು. ಮಣಿಯ ಕಥೆಯನ್ನೆಲ್ಲ ಮೊದಲಿನಿಂದ ಹೇಳಿದಳು. ಮುದುಕಿಯದು, ಸಾವಿರಗಟ್ಟಲೆ ಬಾಲಗಳದು, ತಾನೇ ಕೂತು ಆ ಮಾತನ್ನು ಯಂತ್ರಕ್ಕೆ ಕಲಿಸಿದ್ದು. ಬೆಟ್ಟಪ್ಪ ತಲೆ ತಗ್ಗಿಸಿ ಕೇಳಿದ.

"ಹಂಗಾರ ನೀ ಇಡ್ಲಿಲ್ಲ?"

"ಇಡ್ಲಿಲ್ಲೋ. ನೀ ಇಟ್ಟಿ ಅಂದ್ಕೊಂಡೆ."

"ಯಂತ್ರ ಕಡೀತು."

"ಯಂತ್ರ ಕಡೀತು. ತಿರುಗಿ ಹಚ್ಚಾಕ ನನಗೇನು ಧಾಡಿಯಾಗಿತ್ತೋ. ಎಕ್ಸ್‌ಚೇಂಜಿನ್ಯಾಗ ಕುಂದ್ರಾಕಿ ನಾ. ಹಚ್ಚಲಿಲ್ಲ."

"ನಾನೂ ಹಚ್ಚಲಿಲ್ಲ" ಅಂದ ಅವನು.

ಹುಲಿಗೆಮ್ಮ ರೊಟ್ಟಿ ಬಡಿದಳು. ಇಬ್ಬರೂ ಒಂದೇ ಸಾಲಿನಲ್ಲಿ ಕೂತು ಉಂಡರು. ಅಮರಮ್ಮ ಶೇಂಗಾ ಹಿಂಡಿ ಹಾಕಿಸಿಕೊಳ್ಳುತ್ತ, "ಹೆಸರಿಡೋದು ಐತಿ ಮುಂದ. ಆವಾಗರ..." ಅಂದಳು.

"ನೋಡೋಣು. ಕುಬುಸ ಎರಡ ಸಲ ಮಾಡಾಕ ಬರಂಗಿಲ್ಲಲ್ಲ ಅಕ್ಕ" ಅಂದ ಅವನು. ಸಿಟ್ಟಿನಿಂದ ಅಂದದ್ದಲ್ಲ. ಬಿತ್ತುವ ಹದ ತಪ್ಪಿಹೋಯಿತು ಎಂದು ಹೇಳುವ ಹಾಗೆ ಅಂದ.

ಇಳಿಹೊತ್ತಿಗೆ ಇಬ್ಬರೂ ಬಂದು ಅವಳನ್ನು ರಸ್ತೆಯ ತನಕ ಬಿಟ್ಟರು. ಬಸ್ಸು ಬಂದು ನಿಂತು ಗುರುಗುಟ್ಟುತ್ತಿತ್ತು. ಅಮರಮ್ಮ ಮೆಟ್ಟಿಲ ಹತ್ತಿರ ಹೋಗಿ ತಿರುಗಿ ನಿಂತಳು.

"ಬರ್ತೀನೋ ಬೆಟ್ಟಾ."

ಅವನು ಏನೂ ಅನ್ನಲಿಲ್ಲ.

"ಹ್ಞೂಂ ಅನ್ರೀ" ಎಂದು ಹುಲಿಗೆಮ್ಮ ಗಂಡನ ತೋಳು ಅಲುಗಿಸಿದಳು. "ಅಕ್ಕಾರ ನಿಂತಾರ."

ಅವನು ಅಕ್ಕನ ಮುಖವನ್ನೇ ನೋಡುತ್ತ ತುಟಿ ಬಿಗಿದುಕೊಂಡು ನಿಂತಿದ್ದ. ಮುನಿಸು ಇನ್ನೂ ಹೋಗಿಲ್ಲವೋ, ಹ್ಞೂಂ ಅಂದರೆ ಎಲ್ಲಿ ಮತ್ತೆ ಕಡಿದುಹೋಗುವುದೋ ಎಂದು ಹಿಡಿದುಕೊಂಡಿದ್ದಾನೋ ಅವಳಿಗೆ ತಿಳಿಯಲಿಲ್ಲ. ಕೇಳೋಣವೆಂದರೆ ಯಾವ ಮಾತಿನಲ್ಲಿ ಕೇಳಬೇಕೆಂದು ತೋಚಲಿಲ್ಲ.

"ಏನವ್ವ, ಹತ್ತೋಕಿಯೋ ಇಲ್ಲೇ ಇರೋಕಿಯೋ?" ಎಂದು ಕಂಡಕ್ಟರು ಕೂಗಿದ.

ಅಮರಮ್ಮ ಹತ್ತಿದಳು. ಹಿಂದಿನ ಕಿಟಕಿಯ ಹತ್ತಿರ ಹೋಗಿ ಬಗ್ಗಿ ನೋಡಿದಳು. ಹುಲಿಗೆಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಮನೆಯ ಕಡೆ ಹೊರಳಿದ್ದಳು. ಬೆಟ್ಟಪ್ಪ ನಿಂತಲ್ಲೇ ನಿಂತಿದ್ದ. ಬಸ್ಸು ತಿರುವಿಗೆ ಹೊರಳುವ ತನಕ ಅವಳು ಅವನ ತುಟಿಯನ್ನೇ ನೋಡಿದಳು. ಅವನು ಹ್ಞೂಂ ಅನ್ನಲಿಲ್ಲ.